ಕಾರಣ ತಿಳಿಯದ ಶಾಕ್ (ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ): ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆ, ರಾತ್ರಿ ಪಾಳಿ)

ಕಳೆದ ವಾರ 58 ವರ್ಷದ ಒಬ್ಬರನ್ನು ಮನೆಯವರು ಎತ್ತಿಕೊಂಡು ಬಂದರು. ಬಿ.ಪಿ. 76/50, ನಾಡಿ 122. ಜ್ವರವಿಲ್ಲ, ಎದೆನೋವಿಲ್ಲ, ಉಸಿರು ಮಾತ್ರ ಜೋರು. ಇಸಿಜಿಯಲ್ಲಿ ಹೃದಯಾಘಾತದ ಗುರುತು ಕಾಣಲಿಲ್ಲ. ಸೋಂಕಿರಬಹುದೆಂದು ಒಂದು ಲೀಟರ್ ಸಲೈನ್ ಓಡಿಸಿದೆ, ಬಿ.ಪಿ. ಏರಲಿಲ್ಲ, ಆಮ್ಲಜನಕದ ಮಟ್ಟ 94ರಿಂದ 87ಕ್ಕೆ ಇಳಿಯಿತು. ಜಿಲ್ಲಾಸ್ಪತ್ರೆಗೆ ಕಳಿಸಿದೆ. ಎಲ್ಲಿ ತಪ್ಪಿದೆ?

ಉತ್ತರ 1 (ತುರ್ತು ಚಿಕಿತ್ಸಾ ವೈದ್ಯ)

ಡಾಕ್ಟರೇ, ರೋಗಿಯ ಕೈ ಮುಟ್ಟಿ ನೋಡಿದ್ದಿರಾ? ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟಾಗ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಸಾಲದೆಂದೇ ಅರ್ಥ. ಕೈ ತಣ್ಣಗಿದ್ದು ಕತ್ತಿನ ರಕ್ತನಾಳ ಬತ್ತಿದ್ದರೆ ರಕ್ತಸ್ರಾವ ಅಥವಾ ನಿರ್ಜಲೀಕರಣವನ್ನು ಹುಡುಕಬೇಕು. ಕೈ ತಣ್ಣಗಿದ್ದೂ ಕತ್ತಿನ ರಕ್ತನಾಳ ಉಬ್ಬಿದ್ದರೆ ಹೃದಯವೇ ಸೋತಿರಬೇಕು, ಇಲ್ಲವೇ ಹೃದಯದ ಸುತ್ತ ನೀರು, ಟೆನ್ಷನ್ ನ್ಯುಮೋಥೊರಾಕ್ಸ್ (ಎದೆಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿಯ ಒತ್ತಡ), ಶ್ವಾಸಕೋಶದ ಎಂಬಾಲಿಸಂ (ರಕ್ತದ ಹೆಪ್ಪು ಶ್ವಾಸಕೋಶದ ರಕ್ತನಾಳವನ್ನು ಕಟ್ಟುವುದು) ಇವುಗಳಲ್ಲೊಂದು ರಕ್ತದ ದಾರಿ ಕಟ್ಟಿರಬೇಕು. ಕೈ ಬೆಚ್ಚಗಿದ್ದರೆ ಸೆಪ್ಸಿಸ್ (ಸೋಂಕಿಗೆ ದೇಹದ ಅತಿರೇಕದ ಪ್ರತಿಕ್ರಿಯೆ) ಅಥವಾ ಅನಾಫಿಲ್ಯಾಕ್ಸಿಸ್ (ತೀವ್ರ ಅಲರ್ಜಿ) ಮೊದಲು ನೆನಪಾಗಲಿ, ಆದರೆ ತಡವಾಗಿ ಬಂದ ಸೆಪ್ಸಿಸ್‌ನಲ್ಲೂ ಕೈ ತಣ್ಣಗಿರುತ್ತದೆ. ಅಲ್ಟ್ರಾಸೌಂಡ್ ಇದ್ದರೆ ಹೃದಯ, ಶ್ವಾಸಕೋಶ, ಹೊಟ್ಟೆ ಮೂರನ್ನೂ ಐದು ನಿಮಿಷದಲ್ಲಿ ನೋಡಬಹುದು. ಕೆಜಿಗೆ 30 ಮಿ.ಲೀ. ಸಲೈನ್ ಎಂಬುದು ಸೆಪ್ಸಿಸ್‌ನ ಲೆಕ್ಕ. ಕಾರಣ ಗೊತ್ತಿಲ್ಲದಾಗ 250 ಮಿ.ಲೀ. ಕೊಟ್ಟು, ಎದೆ ಆಲಿಸಿ, ನಂತರ ಮುಂದಿನದನ್ನು ಯೋಚಿಸುವುದು ಮೇಲು.

ಉತ್ತರ 2 (ಐಸಿಯು)

ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ಸಿರೆಗೆ ಹಾಕುವ ನಳಿಕೆ) ಇಲ್ಲವೆಂದು ನಾರ್‌ಅಡ್ರಿನಲಿನ್ (ಬಿ.ಪಿ. ಏರಿಸುವ ಔಷಧ) ತಡ ಮಾಡಬೇಡಿ. ಮೊಣಕೈ ಮಡಿಕೆಯ ದಪ್ಪ ಸಿರೆಯಲ್ಲಿ, ಆ ಜಾಗದ ಮೇಲೆ ಕಣ್ಣಿಟ್ಟು, ಕೆಜಿಗೆ ನಿಮಿಷಕ್ಕೆ 0.05 ಮೈಕ್ರೋಗ್ರಾಂನಿಂದ ಶುರು ಮಾಡಿ ಸರಾಸರಿ ರಕ್ತದೊತ್ತಡವನ್ನು 65ಕ್ಕೆ ತನ್ನಿ. ಇದೇ ಕೆಲಸಕ್ಕೆ ಡೋಪಮಿನ್ ಕೊಡುವುದು ನಮ್ಮ ಹಳೆಯ ರೂಢಿ, ಬಿಡುವುದು ಕಷ್ಟ. ಆದರೆ 2010ರಲ್ಲಿ ಪ್ರಕಟವಾದ, 1,679 ರೋಗಿಗಳ ಅಧ್ಯಯನದಲ್ಲಿ ನಾರ್‌ಅಡ್ರಿನಲಿನ್‌ಗೆ ಹೋಲಿಸಿದರೆ ಡೋಪಮಿನ್‌ನಿಂದ ಹೃದಯದ ಲಯ ತಪ್ಪುವುದು ಸುಮಾರು ಇಮ್ಮಡಿಯಾಗಿತ್ತು.

ಉತ್ತರ 3 (ಸ್ತ್ರೀರೋಗ ತಜ್ಞೆ)

ರೋಗಿ ಹೆರುವ ವಯಸ್ಸಿನ ಹೆಣ್ಣಾಗಿದ್ದರೆ, ಮುಟ್ಟಿನ ಬಗ್ಗೆ ಏನೇ ಹೇಳಿರಲಿ, ಮೂತ್ರದ ಗರ್ಭಪರೀಕ್ಷೆಯನ್ನು ಕೂಡಲೇ ಮಾಡಿಸಿ; ಗರ್ಭಕೋಶದ ಹೊರಗೆ ಕಟ್ಟಿದ ಗರ್ಭ ಒಡೆದು ಒಳಗೇ ರಕ್ತ ಸುರಿಯುತ್ತಿರಬಹುದು.

ಪ್ರಶ್ನೆ ಕೇಳಿದವರು

ಕೈ ತಣ್ಣಗಿತ್ತು, ಕತ್ತು ನೋಡಿರಲಿಲ್ಲ. ಮೂರು ವಾರದ ಹಿಂದೆ ಎಡಗಾಲಿಗೆ ಪ್ಲಾಸ್ಟರ್ ಹಾಕಿದ್ದರೆಂದು ಅವರ ಹೆಂಡತಿ ಆಂಬುಲೆನ್ಸ್ ಹತ್ತುವಾಗ ಹೇಳಿದರು. ಪಂಚೆ ಸರಿಸಿದಾಗ ಮೀನಖಂಡ ಊದಿ ಬಿಗಿದಿತ್ತು. ಜಿಲ್ಲಾಸ್ಪತ್ರೆಯ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಬಲ ಕುಹರ (ಶ್ವಾಸಕೋಶಕ್ಕೆ ರಕ್ತ ತಳ್ಳುವ ಕೋಣೆ) ಹಿಗ್ಗಿದೆ ಎಂದಿದ್ದಾರೆ.

ಉತ್ತರ 1ರವರು ಮತ್ತೆ

ಹಾಗಾದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಆದ ಎಂಬಾಲಿಸಂ ಇರಬೇಕು. ಹಿಗ್ಗಿದ ಬಲ ಕುಹರಕ್ಕೆ ಇನ್ನಷ್ಟು ದ್ರವ ತುಂಬಿದರೆ ಅದು ನಡುಗೋಡೆಯನ್ನು ಎಡಕ್ಕೆ ತಳ್ಳುತ್ತದೆ, ಎಡ ಕುಹರಕ್ಕೆ ರಕ್ತ ತುಂಬಲು ಜಾಗವೇ ಉಳಿಯುವುದಿಲ್ಲ. ನಿಮ್ಮ ಸಲೈನ್‌ಗೆ ಬಿ.ಪಿ. ಏರದಿದ್ದದ್ದು ಇದಕ್ಕೇ. ಶಾಕ್ ಜೊತೆಗಿನ ಎಂಬಾಲಿಸಂಗೆ, ರಕ್ತಸ್ರಾವದ ಅಪಾಯ ಹೆಚ್ಚಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾಗುತ್ತದೆ. ಅದು ನಿಮ್ಮಲ್ಲಿ ಹೃದಯಾಘಾತಕ್ಕೆಂದು ಫ್ರಿಜ್‌ನಲ್ಲೋ ಕಪಾಟಿನಲ್ಲೋ ಇದೆಯೇ ಎಂದು ನಾಳೆಯೇ ನೋಡಿಟ್ಟುಕೊಳ್ಳಿ.