ಮನೆಯಲ್ಲೇ ಕಟ್ಟಿದ ಫೋನೋ ಪ್ರಿಆಂಪ್‌ನಲ್ಲಿ ಗುಂಯ್ ಶಬ್ದ, ಚಿಪ್ ಬದಲಿಸಬೇಕಾ?

ಟಿಳಕವಾಡಿ ತಿರುಗು (ಬೆಳಗಾವಿ):
ಎಲ್ಲರಿಗೂ ನಮಸ್ಕಾರ. ಎನ್‌ಇ5532 ಚಿಪ್ ಹಾಕಿ ಒಂದು ಫೋನೋ ಪ್ರಿಆಂಪ್ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸರ್ಕ್ಯೂಟ್) ಕಟ್ಟಿದ್ದೇನೆ. 15-0-15 ಟ್ರಾನ್ಸ್‌ಫಾರ್ಮರ್, 7815, 7915 ವೋಲ್ಟೇಜ್ ರೆಗ್ಯುಲೇಟರ್, ಎಲ್ಲಾ ಒಂದೇ ಅಲ್ಯೂಮಿನಿಯಂ ಡಬ್ಬಿಯಲ್ಲಿ. ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಆಡಿಯೋ ಟೆಕ್ನಿಕಾ ವಿಎಂ95ಇ. ಹಾಡು ಬರುತ್ತದೆ, ಆದರೆ ಎರಡು ತೊಂದರೆ. ಒಂದು, ಗುಂಯ್ ಅಂತ ಶಬ್ದ. ಕುಮಾರ ಗಂಧರ್ವರ ಎಲ್‌ಪಿ ಹಾಕಿದರೆ ತಂಬೂರಿ ಜೊತೆ ನನ್ನ ಟ್ರಾನ್ಸ್‌ಫಾರ್ಮರೂ ಶ್ರುತಿ ಹಿಡಿದು ಕೂರುತ್ತದೆ. ಇನ್ನೊಂದು, ಮೇಲಿನ ಸ್ವರ ಕಿವಿಗೆ ಚುಚ್ಚುತ್ತದೆ, ಹಾರ್ಮೋನಿಯಂ ಅಂತೂ ತಗಡಿನ ಹಾಗೆ. ಆರ್‌ಐಎಎ ಭಾಗಕ್ಕೆ (ರೆಕಾರ್ಡ್‌ನಲ್ಲಿ ಇಳಿಸಿದ ಬಾಸನ್ನು ಎತ್ತಿ, ಎತ್ತಿದ ಮೇಲಿನ ಸ್ವರವನ್ನು ಇಳಿಸುವ ಭಾಗ) ಇಲ್ಲೇ ಪ್ಯಾಟಿಯಲ್ಲಿ ಸಿಕ್ಕ ಡಿಸ್ಕ್ ಸೆರಾಮಿಕ್ ಕೆಪಾಸಿಟರ್ ಹಾಕಿದ್ದೇನೆ. ಗೆಳೆಯ ಒಬ್ಬ ಒಪಿಎ2134 ಚಿಪ್ ಹಾಕು, ಎಲ್ಲಾ ಸರಿಹೋಗುತ್ತದೆ ಅಂತಾನೆ. ಹೌದಾ?

ನವನಗರ ಬೆಸುಗೆ (ಬಾಗಲಕೋಟೆ):
ಚಿಪ್ ಮುಟ್ಟಬೇಡಿ ರೀ. ಗುಂಯ್ ಶಬ್ದಕ್ಕೂ ಚಿಪ್‌ಗೂ ಸಂಬಂಧ ಇಲ್ಲ. ಆರ್‌ಐಎಎ ಪ್ರಕಾರ 50 ಹರ್ಟ್ಜ್ ಅನ್ನು 1 ಕಿಲೋಹರ್ಟ್ಜ್‌ಗಿಂತ ಸುಮಾರು 17 ಡೆಸಿಬಲ್ ಜಾಸ್ತಿ ಎತ್ತಬೇಕು, ಅಂದರೆ 7 ಪಟ್ಟು. ನಮ್ಮ ಕರೆಂಟೂ 50 ಹರ್ಟ್ಜೇ ಅಲ್ವಾ, ಹಾಗಾಗಿ ಫೋನೋದಲ್ಲಿ ಚೂರು ಹಮ್ ಒಳಗೆ ಬಂದರೂ ಅದು ದೊಡ್ಡದಾಗಿ ಕೇಳುತ್ತದೆ.

ಮೊದಲು ಎಲ್ಲಿಂದ ಬರ್ತಿದೆ ನೋಡಿ. ಒಂದು ಆರ್‌ಸಿಎ ಪ್ಲಗ್‌ನ ನಡುವಿನ ಪಿನ್ನನ್ನೂ ಹೊರಗಿನ ಬಳೆಯನ್ನೂ ಸೇರಿಸಿ ಬೆಸುಗೆ ಹಾಕಿ, ಅದನ್ನು ಇನ್‌ಪುಟ್‌ಗೆ ಚುಚ್ಚಿ. ಶಬ್ದ ಹೋಯಿತಾ, ಹಾಗಾದರೆ ಟರ್ನ್‌ಟೇಬಲ್ ಕೇಬಲ್ಲೋ ಗ್ರೌಂಡ್ ವಯರೋ ನೋಡಬೇಕು. ಹೋಗಲಿಲ್ಲ ಅಂದರೆ ಪ್ಲಗ್ ಹಾಗೇ ಇರಲಿ, ಪ್ರಿಆಂಪ್ ಸ್ವಿಚ್ ಮಾತ್ರ ಆಫ್ ಮಾಡಿ, ಕಿವಿಗೊಟ್ಟು ಕೇಳಿ. ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಇನ್ನೂ ಚಾರ್ಜ್ ಇರುವುದರಿಂದ ಸರ್ಕ್ಯೂಟ್ ಒಂದು ಕ್ಷಣ ನಡೆಯುತ್ತಲೇ ಇರುತ್ತದೆ. ಆಫ್ ಮಾಡಿದ ತಕ್ಷಣ ಗುಂಯ್ ನಿಂತರೆ ಅದು ಬಹುತೇಕ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ.

ಅಲ್ಯೂಮಿನಿಯಂ ಡಬ್ಬಿ ಅದನ್ನು ತಡೆಯುವುದಿಲ್ಲ, ಕಬ್ಬಿಣದ ತಗಡೇ ಬೇಕು. ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಊರಲ್ಲೇ ಇಟ್ಟುಕೊಂಡು ಡಬ್ಬಿಗೆ ಯಾಕೆ ಚಿಂತೆ? ಟ್ರಾನ್ಸ್‌ಫಾರ್ಮರ್ ಬೇರೆ ಕಬ್ಬಿಣದ ಡಬ್ಬಿಗೆ ಹಾಕಿಸಿ, ಅರ್ಧ ಮೀಟರ್ ದೂರ ಇಡಿ. ಇನ್ನೊಂದು ಮಾತು, ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಅರ್ಥಿಂಗ್ ಕಿತ್ತು ಹಾಕಬೇಡಿ. ಕೆಲವರು ಅದನ್ನೇ ಉಪಾಯ ಅಂತ ಹೇಳಿಕೊಡುತ್ತಾರೆ, ಜೀವಕ್ಕೆ ಅಪಾಯ.

ಗುಮ್ಮಟದೂರು ಕಾಕಾ (ವಿಜಯಪುರ):
ಚುಚ್ಚುವುದಕ್ಕೆ ಎರಡು ಕಾರಣ ಇರಬಹುದು ತಮ್ಮಾ. ಒಂದು, ಆ ಡಿಸ್ಕ್ ಸೆರಾಮಿಕ್. ಅವು ಮೇಲೆ ಬರೆದ ಅಳತೆಗಿಂತ 20 ಪರ್ಸೆಂಟ್ ಆಚೆ ಈಚೆ ಇರುವುದು ಮಾಮೂಲು. ಬೈಪಾಸ್‌ಗೆ (ಚಿಪ್‌ಗೆ ಬರುವ ಕರೆಂಟ್ ಶುಚಿ ಮಾಡಲು) ನಡೆಯುತ್ತವೆ, ಆರ್‌ಐಎಎಗೆ ಅಲ್ಲ. ಮುಂಬೈ ಲ್ಯಾಮಿಂಗ್ಟನ್ ರೋಡಿಂದ ಪಾಲಿಪ್ರೊಪಿಲೀನ್ ಕೆಪಾಸಿಟರ್ ತರಿಸು, ಒಂದಿಷ್ಟು ಜಾಸ್ತಿನೇ ತರಿಸು, ಮೀಟರ್‌ನಲ್ಲಿ ಅಳೆದು ಎರಡೂ ಚಾನೆಲ್‌ಗೆ ಜೋಡಿ ಮಾಡು.

ಫೀಡ್‌ಬ್ಯಾಕ್‌ನಲ್ಲಿ (ಚಿಪ್‌ನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) ನಾನು ಹಾಕುವ ಲೆಕ್ಕ ಇದು: 88.2 ಕಿಲೋ ಓಮ್ ಜೊತೆ 36 ನ್ಯಾನೊಫ್ಯಾರಡ್ ಪ್ಯಾರಲಲ್, ಅದಕ್ಕೆ ಸೀರೀಸ್‌ನಲ್ಲಿ 7.5 ಕಿಲೋ ಓಮ್ ಮತ್ತು 10 ನ್ಯಾನೊ ಪ್ಯಾರಲಲ್. 88.2 ಅಂತ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ, 82ಕ್ಕೆ 6.2 ಸೇರಿಸು. 36ಕ್ಕೆ 33 ಮತ್ತು 3.3, ಅಳೆದು ಕಡಿಮೆ ಇರುವುದನ್ನು ಆರಿಸಿಕೋ. ಆರ್‌ಐಎಎ ಕೇಳುವ 3180, 318, 75 ಮೈಕ್ರೊಸೆಕೆಂಡ್ ಮೂರೂ ಕೂತುಕೊಳ್ಳುತ್ತವೆ. ಅದರ ಕೆಳಗೆ ಗ್ರೌಂಡ್‌ಗೆ 100 ಓಮ್, ಸೀರೀಸ್‌ನಲ್ಲಿ 220 ಮೈಕ್ರೊ. ಗೇನ್ ಸುಮಾರು 40 ಡೆಸಿಬಲ್, ನಿನ್ನ ಕಾರ್ಟ್ರಿಜ್‌ಗೆ ಸಾಕು.

ಎರಡನೇದು ಕೇಬಲ್. ನಿನ್ನ ಕಾರ್ಟ್ರಿಜ್‌ನ ಕಾಯಿಲ್ 550 ಮಿಲಿಹೆನ್ರಿ, ಅದಕ್ಕೆ 100ರಿಂದ 200 ಪಿಕೋಫ್ಯಾರಡ್ ಲೋಡ್ ಸಾಕು. ಉದ್ದ ಕೇಬಲ್, ಅದರ ಮೇಲೆ ಇನ್‌ಪುಟ್‌ನಲ್ಲಿ 220 ಪಿಕೋ ಅಂತ ಸೇರಿ 400 ಆಯಿತು ಅಂದುಕೋ, ಕಾಯಿಲೂ ಕೆಪಾಸಿಟರೂ ಸೇರಿ 11 ಕಿಲೋಹರ್ಟ್ಜ್ ಹತ್ತಿರ ಗುಡ್ಡ ಎಬ್ಬಿಸುತ್ತವೆ. 200ಕ್ಕೆ ಇಳಿಸಿದರೆ ಅದೇ ಗುಡ್ಡ 15ಕ್ಕೆ ಸರಿಯುತ್ತದೆ. ಸರ್ಕ್ಯೂಟ್ ನೋಡಿ ಸುಮ್ನೆ ಹಾಕಿದ ಇನ್‌ಪುಟ್ ಕೆಪಾಸಿಟರ್ ಇದ್ದರೆ ಮೊದಲು ಅದನ್ನು ಬಿಚ್ಚು. ದುಡ್ಡು ಖರ್ಚಿಲ್ಲ.

ಟಿಳಕವಾಡಿ ತಿರುಗು:
ಕಾಕಾ, 220 ಪಿಕೋ ಇತ್ತು! ಬಿಚ್ಚಿದೆ, ಅರ್ಧ ಚುಚ್ಚು ಅಲ್ಲೇ ಹೋಯಿತು. ಕೆಪಾಸಿಟರ್ ಆರ್ಡರ್ ಮಾಡಿದ್ದೇನೆ. ಶಾರ್ಟ್ ಪ್ಲಗ್ ಹಾಕಿದರೂ ಗುಂಯ್ ಇತ್ತು, ಸ್ವಿಚ್ ಆಫ್ ಮಾಡಿದ ತಕ್ಷಣ ಕಟ್ ಆಯಿತು. ಟ್ರಾನ್ಸ್‌ಫಾರ್ಮರ್ ಸ್ಕ್ರೂ ಬಿಚ್ಚಿ, ವಯರ್ ಉದ್ದ ಮಾಡಿ, ಹೊರಗೆ ಎಳೆದು ಸ್ವಲ್ಪ ತಿರುಗಿಸಿದರೆ ಒಂದು ಕೋನದಲ್ಲಿ ಪೂರ್ತಿ ಸುಮ್ಮನಾಗುತ್ತದೆ. ಸದ್ಯಕ್ಕೆ ಕಬ್ಬಿಣದ ಡಬ್ಬಿ ಬರುವ ತನಕ ಅದೇ ಕೋನದಲ್ಲಿ ಮರದ ತುಂಡಿಗೆ ಬಿಗಿದು ಇಟ್ಟಿದ್ದೇನೆ, ಮನೆಯವರು ಹತ್ತಿರ ಬರದ ಹಾಗೆ ಮೇಲೆ ಮುಚ್ಚಿದ್ದೇನೆ.

ಬೀಳಗಿ ರೆಕಾರ್ಡ್ (ಬಾಗಲಕೋಟೆ ಜಿಲ್ಲೆ):
ನಡುವೆ ಬಾಯಿ ಹಾಕ್ತೇನೆ. ನಮ್ಮೂರಿನ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯವರ 78ರ (ನಿಮಿಷಕ್ಕೆ 78 ಸುತ್ತಿನ) ರೆಕಾರ್ಡ್ ಒಂದಿಷ್ಟು ಇವೆ. ಇಂಥದೇ ಪ್ರಿಆಂಪ್‌ನಲ್ಲಿ ಹಾಕಿದರೆ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ರೆಕಾರ್ಡ್ ಸವೆದಿದೆಯಾ?

ಗುಮ್ಮಟದೂರು ಕಾಕಾ:
ಸವೆದಿರಲೂಬಹುದು, ಆದರೆ ಮೊದಲ ಗುಮಾನಿ ಆರ್‌ಐಎಎ ಮೇಲೆ. ಅದು 1954ರ ಹೊತ್ತಿಗೆ ಬಂದ ಪದ್ಧತಿ, ಅಮೀರ್‌ಬಾಯಿ ಹಾಡಿದ್ದು 40ರ ದಶಕದಲ್ಲಿ. ಆಗಿನ ರೆಕಾರ್ಡ್‌ನಲ್ಲಿ ಎತ್ತಿರದ ಮೇಲಿನ ಸ್ವರವನ್ನು ನಿಮ್ಮ ಪ್ರಿಆಂಪ್ 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬಲ್ ಇಳಿಸುತ್ತಿದೆ, ದನಿ ಮಬ್ಬಾಗದೆ ಏನಾಗಬೇಕು?

ನಾನು ಮೇಲೆ ಕೊಟ್ಟ ಲೆಕ್ಕದಲ್ಲೇ ಇದಕ್ಕೆ ದಾರಿ ಇದೆ. 10 ನ್ಯಾನೊ ಕೆಪಾಸಿಟರ್‌ನ ಒಂದು ತುದಿ ಎರಡೂ ಜೋಡಿ ಸೇರುವ ನಡುವಿನ ಬಿಂದುವಿನಲ್ಲೇ ಇರಲಿ. ಇನ್ನೊಂದು ತುದಿಯನ್ನು ಸ್ವಿಚ್‌ನಿಂದ 7.5 ಕಿಲೋ ಕಡೆಯಿಂದ 88.2 ಕಿಲೋ ಕಡೆಗೆ ತಿರುಗಿಸಿ. ಅದು 36ರ ಜೊತೆ ಸೇರಿ 46 ಆಗುತ್ತದೆ, ಬಾಸ್ ಎತ್ತುವುದು ಶುರುವಾಗುವ ತಿರುವು 500 ಹರ್ಟ್ಜ್‌ನಲ್ಲೇ ನಿಲ್ಲುತ್ತದೆ, ಮೇಲಿನ ಇಳಿತ ಮಾತ್ರ ಹೋಗುತ್ತದೆ. ಆ ಕೆಪಾಸಿಟರನ್ನು ಸುಮ್ನೆ ಬಿಚ್ಚಿಬಿಟ್ಟರೆ ತಿರುವು 640ರ ಹತ್ತಿರ ಹೋಗಿ ಬಾಸ್ ಜಾಸ್ತಿಯಾಗುತ್ತದೆ, ಅದಕ್ಕೇ ಈ ಕಸರತ್ತು. ಎರಡು ಚಾನೆಲ್‌ಗೆ ಒಂದೇ ಡಬಲ್ ಪೋಲ್ ಸ್ವಿಚ್ ಸಾಕು. ತಿರುಗಿಸುವಾಗ ವಾಲ್ಯೂಮ್ ಪೂರ್ತಿ ಇಳಿಸಿ, ಟಪ್ ಅಂತ ಹೊಡೆಯುತ್ತದೆ.

ಸೂಜಿನೂ ಬೇರೆ ಬೇಕು. ಎಲ್‌ಪಿ ಸೂಜಿಯ ತುದಿ 0.7 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು), 78ಕ್ಕೆ 3 ಮಿಲ್. ಎಲ್‌ಪಿ ಸೂಜಿ ಹಾಕಿದರೆ ರೆಕಾರ್ಡ್‌ನ ಗೀರಿನ ತಳಕ್ಕೆ ಇಳಿದು ಕಸವನ್ನೇ ಓದುತ್ತದೆ.