ತರಂಗಂಬಾಡಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 70 ತುಂಬುತ್ತಿದೆ. ಭೀಮರಥ ಶಾಂತಿ ಮಾಡಿಸಲು ತಮಿಳುನಾಡಿನ ತಿರುಕ್ಕಡೈಯೂರಿಗೆ ಹೋಗುತ್ತಿದ್ದೇವೆ. ಅಲ್ಲಿಂದ ತರಂಗಂಬಾಡಿ (ಹಿಂದೆ ಡೆನ್ಮಾರ್ಕಿನವರ ವಸಾಹತಾಗಿದ್ದ ಸಮುದ್ರತೀರದ ಊರು) ಹತ್ತಿರವೇ ಅಲ್ವಾ, ಪೂಜೆ ಮುಗಿದ ಮೇಲೆ ಒಂದು ದಿನ ಅಲ್ಲೇ ಉಳಿಯೋಣ ಅಂತ ಆಸೆ.

ಇದು ಸುಮ್ನೆ ಬೀಚ್ ನೋಡುವ ಪ್ರವಾಸ ಅಲ್ಲ. ಅಪ್ಪ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಅಚ್ಚುಮೊಳೆ ಜೋಡಿಸಿ ನಮ್ಮನ್ನು ಓದಿಸಿದವರು. 1706ರಲ್ಲಿ ತರಂಗಂಬಾಡಿಗೆ ಬಂದ ಜರ್ಮನ್ ಪಾದ್ರಿ ಜೀಗನ್‌ಬಾಲ್ಗ್ ತಮಿಳು ಕಲಿತು, ಮುದ್ರಣ ಯಂತ್ರ ತರಿಸಿ, 1715ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ತಮಿಳಲ್ಲೇ ಅಚ್ಚು ಹಾಕಿಸಿದ ಕತೆ ನಾನು ಹೇಳಿದಾಗಿನಿಂದ ಅಪ್ಪ ದಿನಾ ಅದೇ ಊರಿನ ಮಾತಾಡುತ್ತಿದ್ದಾರೆ. ಹಳೆಯ ಅಚ್ಚುಮೊಳೆ, ಯಂತ್ರ, ಪುಸ್ತಕ ಏನಾದರೂ ಈಗ ಅಲ್ಲಿ ನೋಡಲು ಸಿಗುತ್ತದೆಯೇ? ನನಗೆ ಮುಖ್ಯವಾಗಿ ಬೇಕಿರುವುದು ಇದೇ.

ಡೇನಿಷರು 1620ರಲ್ಲಿ ಕಟ್ಟಿದ ಡಾನ್ಸ್‌ಬೋರ್ಗ್ ಕೋಟೆ, ಜೀಗನ್‌ಬಾಲ್ಗ್ ಸಮಾಧಿ ಇರುವ ನ್ಯೂ ಜೆರುಸಲೇಮ್ ಚರ್ಚ್, ಸಮುದ್ರ ಕೊರೆದ ಮಾಸಿಲಾಮಣಿನಾಥರ್ ದೇವಸ್ಥಾನ ಇಷ್ಟು ಪಟ್ಟಿಯಲ್ಲಿದೆ. ಕೋಟೆಯ ಮ್ಯೂಸಿಯಂಗೆ ಯಾವ ದಿನ ರಜೆ? ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಇದೆಯಾ? ಬಿಸಿಲೇರುವ ಮೊದಲು ಯಾವುದನ್ನು ನೋಡಿ ಮುಗಿಸುವುದು ಒಳ್ಳೆಯದು?

ಮೈಸೂರಿನಿಂದ ಮೈಲಾಡುದುರೈವರೆಗೆ ರೈಲು, ಮುಂದೆ ಕಾರು ಅಂದುಕೊಂಡಿದ್ದೇವೆ. ಸಸ್ಯಾಹಾರಿ ಊಟ, ಸಮುದ್ರದ ಪಕ್ಕ ಶುಚಿಯಾದ ರೂಮು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಮ್ಮನೂ ಬರುತ್ತಿದ್ದಾರೆ, ಆದ್ದರಿಂದ ನೆಲಮಹಡಿಯ ರೂಮೇ ಆಗಬೇಕು.