ಹಡಗು ವಿನ್ಯಾಸದ ಓದು ಖರಗ್‌ಪುರದಲ್ಲಿ ಶುರುವಾದದ್ದು ಯಾವಾಗ?

ತುಮಕೂರಿನ ಪೋಷಕ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಹಡಗು ವಿನ್ಯಾಸವನ್ನೇ ಓದುವೆನೆನ್ನುತ್ತಾಳೆ. ಕಡಲ ದಡದಲ್ಲಿಲ್ಲದ ಖರಗ್‌ಪುರ ಐಐಟಿಯಲ್ಲಿ ಈ ವಿಭಾಗ ಆರಂಭವಾದದ್ದು ಯಾವಾಗ, ತಿಳಿದವರು ದಯವಿಟ್ಟು ಹೇಳುವಿರಾ?

ನಿವೃತ್ತ ಉಪನ್ಯಾಸಕ: ಸಂಸ್ಥೆ ಆರಂಭವಾದ ಮರುವರ್ಷವೇ, 1952ರಲ್ಲಿ, ದೇಶದಲ್ಲಿ ಅದೇ ಮೊದಲು. ಇದಕ್ಕೂ ಹಿಂದೆ, ಹಡಗು ನಿರ್ಮಾಪಕ ಜಾನ್ ಎಲ್ಡರ್ ಅವರ ಪತ್ನಿ ಇಸಬೆಲ್ಲಾ ಅವರು ಗಂಡನ ನೆನಪಿಗೆ ನೀಡಿದ ದತ್ತಿಯಿಂದ, 1883ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಪ್ರಾಧ್ಯಾಪಕ ಪೀಠವೊಂದು ಏರ್ಪಟ್ಟಿತ್ತು.

ಎಂಜಿನಿಯರ್, ತಿಪಟೂರು: ಕಡಲು ಹತ್ತಿರವಿರಲೇಬೇಕೆಂದಿಲ್ಲ, ಸರ್. ಉದ್ದನೆಯ ತೊಟ್ಟಿಯಲ್ಲಿ, ಹಳಿಯ ಮೇಲೋಡುವ ಗಾಡಿಯಿಂದ ಹಡಗಿನ ಮಾದರಿಯನ್ನು ಎಳೆದು, ನೀರು ಒಡ್ಡುವ ತಡೆಯನ್ನು ಅಳೆಯುತ್ತಾರೆ. ಈ ಕ್ರಮವನ್ನು ನೆಲೆಗೊಳಿಸಿದ ವಿಲಿಯಂ ಫ್ರೂಡ್ 1870ರ ದಶಕದಲ್ಲಿ ಮೇಣದ ಮಾದರಿಗಳನ್ನು ಬಳಸಿದ್ದರು. (ನಮ್ಮ ಅಮಾನಿಕೆರೆಯಲ್ಲಾದರೆ ಗಾಳಿಗೇ ಲೆಕ್ಕ ತಪ್ಪೀತು!)

ಇನ್ನೊಬ್ಬ ಓದುಗ: ಕೊಚ್ಚಿಯ ಕುಸಾಟ್‌ನಲ್ಲೂ (ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ) 1970ರ ದಶಕದಿಂದ ಈ ವಿಭಾಗವಿದೆ, ಶಿಪ್‌ಯಾರ್ಡ್ ಅದೇ ಊರಲ್ಲಿರುವುದರಿಂದ ನನ್ನ ಮಟ್ಟಿಗೆ ಅದೇ ಮೇಲು.